ನಿಲುಗಡೆಯ ಬ್ರೇಕು ಮತ್ತು ಬಂದುಹೋಗುವ ದೋಷ
(ಒಂದು ತಾಂತ್ರಿಕ ಪಾಠ)

ಪೀಠಿಕೆ

ವಾಹನವೆಂದೊಡನೆ ಜನರ ಮನಸ್ಸಿಗೆ ಮೊದಲು ಬರುವುದು ಅದರ ವೇಗ. ಎಷ್ಟು ದೂರವನ್ನು ಎಷ್ಟು ಹೊತ್ತಿನಲ್ಲಿ ಕ್ರಮಿಸುತ್ತದೆ ಎಂಬುದೇ ಎಲ್ಲರೂ ಕೇಳುವ ಪ್ರಶ್ನೆ. ಆದರೆ ಯಂತ್ರಶಾಸ್ತ್ರದ ದೃಷ್ಟಿಯಿಂದ ವಿಚಾರಿಸಿದರೆ ಓಡುವ ವಿದ್ಯೆಗಿಂತ ನಿಲ್ಲುವ ವಿದ್ಯೆಯೇ ಹೆಚ್ಚು ಹೊಣೆಯುಳ್ಳದ್ದೆಂದು ಕಂಡುಬರುತ್ತದೆ. ಓಡದ ವಾಹನದಿಂದ ಅದರ ಒಡೆಯನೊಬ್ಬನಿಗೆ ಅನಾನುಕೂಲ. ನಿಲ್ಲದ ವಾಹನದಿಂದ ಬೀದಿಯಲ್ಲಿರುವವರೆಲ್ಲರಿಗೂ ಅಪಾಯ.

ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಂದಿನಿಂದ, 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚುವವರೆಗೆ, ಸಾವಿರಾರು ಕಾರ್ಮಿಕರು ದಿನದಿನವೂ ಉಕ್ಕಿನ ಹಗ್ಗಕ್ಕೆ ತೂಗುಬಿದ್ದ ಕೇಜುಗಳಲ್ಲಿ ನಿಂತು ಭೂಗರ್ಭಕ್ಕೆ ಇಳಿದು ಮೇಲೆ ಬಂದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರುಗಳನ್ನು ಮೀರಿತ್ತು. ಆ ಆಳದ ಮೇಲೆ ತೂಗುತ್ತಿದ್ದವರ ಪ್ರಾಣವನ್ನು ಹಿಡಿದಿದ್ದವು ಎರಡು ವಸ್ತುಗಳು: ಒಂದು ಹಗ್ಗ, ಇನ್ನೊಂದು ಎತ್ತುಯಂತ್ರದ ಬ್ರೇಕು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಮ್‌ಗೆ ರೈಲುದಾರಿ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರುಗಳ ತಂತಿಮಾರ್ಗವನ್ನು ದಾಟಿ ಗಣಿಗಳಿಗೆ ತಲುಪಿತು. 1964ರಲ್ಲಿ ಭಾರತ್ ಅರ್ತ್ ಮೂವರ್ಸ್ ಸಂಸ್ಥೆ ಸ್ಥಾಪನೆಗೊಂಡು, ಮಣ್ಣು ಅಗೆಯುವ ಭಾರಿ ಯಂತ್ರಗಳ ತಯಾರಿಕೆಗೆ ಈ ನೆಲವೇ ನೆಲೆಯಾಯಿತು. ಕೇಜು, ರೈಲು, ಬುಲ್‌ಡೋಜರು ಈ ಮೂರನ್ನೂ ಕಂಡ ಊರಿನಲ್ಲಿ ಬ್ರೇಕಿನ ವಿಷಯ ಎಂದಿಗೂ ಸಣ್ಣ ಮಾತಲ್ಲ.

ಇಂದು ಅದೇ ಊರಿನ ಮನೆಮುಂದೆ ನಿಂತಿರುವ ಕಾರಿನಲ್ಲಿ ಒಂದು ಹೊಸಬಗೆಯ ಬ್ರೇಕು ಬಂದಿದೆ. ಚಾಲಕನ ಎಡಗೈ ಪಕ್ಕದಲ್ಲಿದ್ದ ಉದ್ದನೆಯ ಹ್ಯಾಂಡ್‌ಬ್ರೇಕಿನ ಸನ್ನೆ ಮಾಯವಾಗಿ, ಅದರ ಸ್ಥಾನದಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಒಂದು ಗುಂಡಿ ಕುಳಿತಿದೆ. ಇದನ್ನು ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕು ಎಂದು ಕರೆಯುತ್ತಾರೆ. 2001ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆಯ ದುಬಾರಿ ಕಾರೊಂದರಲ್ಲಿ ಕಾಣಿಸಿಕೊಂಡ ಈ ಏರ್ಪಾಡು ಈಗ ಮಧ್ಯಮ ಬೆಲೆಯ ಕಾರುಗಳಿಗೂ ಇಳಿದುಬಂದಿದೆ. ಇದರ ಜೊತೆಗೇ ಹೊಸಬಗೆಯ ತೊಂದರೆಯೊಂದೂ ಬಂದಿದೆ. ಬೆಳಿಗ್ಗೆ ಎಚ್ಚರಿಕೆಯ ದೀಪ ಹತ್ತುತ್ತದೆ, ಮಧ್ಯಾಹ್ನ ಆರುತ್ತದೆ. ಮನೆಯಲ್ಲಿ ಕಾಣಿಸಿಕೊಂಡ ದೋಷ ಗ್ಯಾರೇಜಿನಲ್ಲಿ ಕಾಣುವುದಿಲ್ಲ. ಹೀಗೆ ಬಂದುಹೋಗುವ ದೋಷವನ್ನು ಶೋಧಿಸುವ ಕ್ರಮ ಯಾವುದು ಎಂಬುದೇ ಈ ಪಾಠದ ವಿಷಯ.

ಬ್ರೇಕುಗಳ ಮೂರು ವರ್ಗ

ದೋಷವನ್ನು ಅರಿಯುವ ಮುನ್ನ ವಸ್ತುವಿನ ಗುಣವನ್ನು ಅರಿಯಬೇಕು. ಬಲವನ್ನು ಯಾವಾಗ ಪ್ರಯೋಗಿಸಬೇಕು ಎಂಬ ಒಂದೇ ಪ್ರಶ್ನೆಯಿಂದ ಎಲ್ಲ ಬ್ರೇಕುಗಳನ್ನೂ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಹಿಡಿದಿಡಲು ಬಲ ಬೇಕಾದ ಬ್ರೇಕು. ಕಾರಿನ ಕಾಲುಬ್ರೇಕು ಈ ಜಾತಿಯದು. ಪಾದವನ್ನು ಎತ್ತಿದೊಡನೆ ಹಿಡಿತ ಸಡಿಲುತ್ತದೆ.

ಎರಡನೆಯದು, ಬಿಡಿಸಲು ಬಲ ಬೇಕಾದ ಬ್ರೇಕು. ಗಣಿಯ ಎತ್ತುಯಂತ್ರಗಳಲ್ಲಿ ತೂಕದ ಗುಂಡುಗಳು ಅಥವಾ ಬಲವಾದ ಸ್ಪ್ರಿಂಗುಗಳು ಬ್ರೇಕನ್ನು ಸದಾ ಒತ್ತಿ ಹಿಡಿದಿರುತ್ತವೆ. ಕೇಜು ಚಲಿಸಬೇಕಾದಾಗ ಗಾಳಿಯ ಅಥವಾ ಎಣ್ಣೆಯ ಒತ್ತಡ ಅದನ್ನು ಎತ್ತಿ ಬಿಡಿಸುತ್ತದೆ. ಒತ್ತಡ ಕಡಿದರೆ ಬ್ರೇಕು ತಾನಾಗಿ ಬೀಳುತ್ತದೆ. ದೊಡ್ಡ ಲಾರಿ ಬಸ್ಸುಗಳ ಪಾರ್ಕಿಂಗ್ ಬ್ರೇಕಿನಲ್ಲಿಯೂ ಇದೇ ತತ್ತ್ವವಿದೆ. ಶಕ್ತಿ ತಪ್ಪಿದರೆ ಯಂತ್ರ ಅಪಾಯದ ಕಡೆಗೆ ಸರಿಯದೆ ಕ್ಷೇಮದ ಕಡೆಗೆ ಸರಿಯಬೇಕು ಎಂಬ ವಿವೇಕ ಇದರಲ್ಲಿ ಅಡಗಿದೆ.

ಮೂರನೆಯದು, ಇಟ್ಟಲ್ಲಿಯೇ ಉಳಿಯುವ ಬ್ರೇಕು. ರೈಲಿನ ಗಾರ್ಡಿನ ಡಬ್ಬಿಯಲ್ಲಿದ್ದ ಕೈಚಕ್ರದ ಬ್ರೇಕು ಇದಕ್ಕೆ ಹಳೆಯ ಉದಾಹರಣೆ. ಚಕ್ರವನ್ನು ತಿರುಗಿಸಿದಂತೆ ತಿರುಪು ಮುಂದೆ ಸಾಗಿ ಬ್ರೇಕು ಬಿಗಿಯುತ್ತದೆ. ಕೈ ಬಿಟ್ಟರೂ ತಿರುಪು ಹಿಂದಕ್ಕೆ ಜಾರುವುದಿಲ್ಲ. ಬಿಗಿಯಲೂ ಶ್ರಮ ಬೇಕು, ಬಿಡಿಸಲೂ ಶ್ರಮ ಬೇಕು. ನಡುವಿನ ಕಾಲದಲ್ಲಿ ಯಾವ ಶ್ರಮವೂ ಬೇಡ. ರೈಲಿನ ಗಾಳಿಬ್ರೇಕಿನ ಸಿಲಿಂಡರಿನಿಂದ ಗಾಳಿ ಬಹಳ ಹೊತ್ತಿನ ಮೇಲೆ ಸೋರಿಹೋಗುವ ಸಂಭವವಿರುವುದರಿಂದ, ನಿಂತ ಗಾಡಿಯನ್ನು ಕಾಯಲು ಇಂದಿಗೂ ಕೈಬ್ರೇಕನ್ನು ಬಿಗಿಯಬೇಕು, ಗಾಲಿಗಳಿಗೆ ಅಡೆ ಕೊಡಬೇಕು. 2024ರ ಫೆಬ್ರುವರಿ 25ರಂದು ಜಮ್ಮುವಿನ ಕಠುವಾ ನಿಲ್ದಾಣದಲ್ಲಿ ನಿಲ್ಲಿಸಿದ್ದ ಸರಕುಗಾಡಿಯೊಂದು ಚಾಲಕನಿಲ್ಲದೆಯೇ ಇಳಿಜಾರಿನಲ್ಲಿ ಜಾರಿ ಸುಮಾರು 70 ಕಿಲೋಮೀಟರು ಓಡಿತೆಂಬುದನ್ನು ನೆನೆದರೆ, ನಿಲುಗಡೆಯ ಬ್ರೇಕಿನ ಮಹತ್ತ್ವ ಮನದಟ್ಟಾಗುತ್ತದೆ.

ಕಾರಿನ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕು ಈ ಮೂರನೆಯ ವರ್ಗಕ್ಕೆ ಸೇರಿದುದು. ಬ್ಯಾಟರಿಯಲ್ಲಿ ಶಕ್ತಿ ತಪ್ಪಿದಾಗ ಅದು ಇದ್ದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಬಿಗಿದಿದ್ದರೆ ಬಿಗಿದಂತೆ, ಬಿಟ್ಟಿದ್ದರೆ ಬಿಟ್ಟಂತೆ. ಬಿಗಿದ ಬ್ರೇಕು ಬಿಡದಿದ್ದರೆ ಪ್ರಯಾಣ ತಪ್ಪೀತು, ಅಷ್ಟೆ. ಬಿಟ್ಟ ಬ್ರೇಕು ಬಿಗಿಯದಿದ್ದರೆ, ಅಂತರಗಂಗೆಯ ಬೆಟ್ಟದಂಥ ಇಳಿಜಾರಿನಲ್ಲಿ ನಿಂತ ಕಾರನ್ನು ಹಿಡಿಯುವವರಿಲ್ಲ. ಆದುದರಿಂದ ಈ ಬ್ರೇಕಿನ ಬಂದುಹೋಗುವ ದೋಷವನ್ನು ಕೇವಲ ದೀಪದ ಕಿರಿಕಿರಿಯೆಂದು ಉಪೇಕ್ಷಿಸುವುದು ಸಲ್ಲದು.

ಹೊಸ ಬ್ರೇಕಿನ ಒಳರಚನೆ

ಈ ಏರ್ಪಾಡಿನಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಮೋಟಾರು ಹಳೆಯ ಪದ್ಧತಿಯ ಕೇಬಲ್ಲನ್ನೇ ಎಳೆಯುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಇನ್ನೊಂದರಲ್ಲಿ ಹಿಂದಿನ ಎರಡು ಚಕ್ರಗಳ ಕ್ಯಾಲಿಪರುಗಳ ಬೆನ್ನಿಗೆ ಒಂದೊಂದು ಸಣ್ಣ ಮೋಟಾರನ್ನು ಜೋಡಿಸಿರುತ್ತಾರೆ. ಗುಂಡಿಯನ್ನು ಒತ್ತಿದಾಗ ಕಂಟ್ರೋಲ್ ಯೂನಿಟ್ಟು ಮೋಟಾರಿಗೆ ವಿದ್ಯುತ್ತನ್ನು ಕಳುಹಿಸುತ್ತದೆ. ಮೋಟಾರಿನ ವೇಗವನ್ನು ಗೇರುಗಳು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ. ಕೊನೆಯ ಗೇರು ಒಂದು ತಿರುಪನ್ನು ತಿರುಗಿಸುತ್ತದೆ. ತಿರುಪಿನ ಮೇಲಿನ ನಟ್ಟು ಮುಂದೆ ಸಾಗಿ ಪಿಸ್ಟನ್ನನ್ನು ನೂಕುತ್ತದೆ. ಪಿಸ್ಟನ್ನು ಬ್ರೇಕಿನ ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ.

ಇಲ್ಲಿ ವಿಚಾರಾರ್ಹವಾದ ಅಂಶವೊಂದಿದೆ. ಪ್ಯಾಡು ಡಿಸ್ಕನ್ನು ಸಾಕಷ್ಟು ಬಿಗಿಯಾಗಿ ಹಿಡಿಯಿತೆಂಬುದು ಕಂಟ್ರೋಲ್ ಯೂನಿಟ್ಟಿಗೆ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ, ಸಾಮಾನ್ಯವಾಗಿ ಹಿಡಿತವನ್ನು ನೇರವಾಗಿ ಅಳೆಯುವ ಸಾಧನವೂ ಅಲ್ಲಿರುವುದಿಲ್ಲ. ಅದು ಮೋಟಾರು ಸೆಳೆದುಕೊಳ್ಳುವ ವಿದ್ಯುತ್ ಪ್ರವಾಹವನ್ನು ಅಳೆಯುತ್ತದೆ. ಪ್ಯಾಡು ಡಿಸ್ಕಿಗೆ ತಾಗುವವರೆಗೆ ಮೋಟಾರಿಗೆ ಶ್ರಮ ಕಡಿಮೆ, ಪ್ರವಾಹವೂ ಕಡಿಮೆ. ತಾಗಿದ ಮೇಲೆ ಶ್ರಮ ಏರುತ್ತದೆ, ಪ್ರವಾಹವೂ ಹತ್ತು ಆಂಪಿಯರುಗಳನ್ನು ಮೀರುತ್ತದೆ. ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದಾಗ ಹಿಡಿತ ಸಾಕೆಂದು ತಿಳಿದು ಯೂನಿಟ್ಟು ವಿದ್ಯುತ್ತನ್ನು ಕಡಿಯುತ್ತದೆ. ಗೊತ್ತಾದ ಕಾಲದೊಳಗೆ ಆ ಮಟ್ಟ ಮುಟ್ಟದಿದ್ದರೆ ದೋಷವೆಂದು ಬಗೆದು ದೀಪವನ್ನು ಹಚ್ಚುತ್ತದೆ, ಒಂದು ಸಂಖ್ಯಾಸಂಕೇತವನ್ನು ತನ್ನ ನೆನಪಿನಲ್ಲಿ ಬರೆದುಕೊಳ್ಳುತ್ತದೆ.

ಹಾಗಾಗಿ ಈ ಬ್ರೇಕಿಗೆ ವಿದ್ಯುತ್ತೇ ಬಲ, ವಿದ್ಯುತ್ತೇ ಸ್ಪರ್ಶಜ್ಞಾನ. ದಾರಿಯಲ್ಲಿ ಎಲ್ಲಿಯಾದರೂ ವಿದ್ಯುತ್ತಿಗೆ ತಡೆ ಉಂಟಾದರೆ ಬಲವೂ ಕುಗ್ಗುತ್ತದೆ, ತಿಳಿವೂ ಕೆಡುತ್ತದೆ. ಮೋಟಾರು ಚೆನ್ನಾಗಿದ್ದರೂ ಮೋಟಾರು ಕೆಟ್ಟಿದೆಯೆಂಬ ಸಂಕೇತ ಬರುವುದಕ್ಕೆ ಇದೇ ಕಾರಣ. ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ರೋಗದ ಹೆಸರನ್ನಲ್ಲ.

ದೋಷವಲ್ಲದ ಕೆಲವು ನಡವಳಿಕೆಗಳನ್ನೂ ಇಲ್ಲಿಯೇ ಹೇಳುವುದು ಉಚಿತ. ಬಿಸಿಯಾದ ಡಿಸ್ಕು ತಣಿಯುವಾಗ ಕುಗ್ಗಿ ಹಿಡಿತ ಸಡಿಲಾಗುವುದರಿಂದ, ಕೆಲವು ಕಾರುಗಳಲ್ಲಿ ನಿಲ್ಲಿಸಿದ ಕೆಲವು ನಿಮಿಷಗಳ ಮೇಲೆ ಮೋಟಾರು ತಾನಾಗಿಯೇ ಮತ್ತೊಮ್ಮೆ ಬಿಗಿಯುತ್ತದೆ. ಯಾರೂ ಇಲ್ಲದ ಕಾರಿನಿಂದ ಬರುವ ಈ ಸದ್ದನ್ನು ಕೇಳಿ ಗಾಬರಿಪಡಬೇಕಾದುದಿಲ್ಲ. ಹಾಗೆಯೇ ಬ್ರೇಕನ್ನು ಮೇಲಿಂದ ಮೇಲೆ ಹಾಕಿ ತೆಗೆದರೆ ಮೋಟಾರು ಬಿಸಿಯಾಗದಿರಲೆಂದು ಯೂನಿಟ್ಟು ಸ್ವಲ್ಪಕಾಲ ಕೆಲಸ ನಿಲ್ಲಿಸುವುದುಂಟು. ಕಾಲುಬ್ರೇಕನ್ನು ಒತ್ತದೆ ಗುಂಡಿಯನ್ನು ಮಾತ್ರ ಒತ್ತಿದರೆ ಬ್ರೇಕು ಬಿಡದಿರುವುದೂ ರಕ್ಷಣೆಯ ನಿಯಮವೇ ಆಗಿದೆ.

ಬಂದುಹೋಗುವ ದೋಷದ ಸ್ವಭಾವ

ಸದಾ ಇರುವ ದೋಷವನ್ನು ಹಿಡಿಯುವುದು ಸುಲಭ. ಮುರಿದುದು ಮುರಿದಂತೆಯೇ ಕಾದಿರುತ್ತದೆ. ಬಂದುಹೋಗುವ ದೋಷ ಹಾಗಲ್ಲ. ಅದಕ್ಕೆ ಹೊತ್ತುಂಟು, ಹವೆಯುಂಟು, ಸ್ಥಳವುಂಟು. ಆ ಸಂದರ್ಭಗಳು ಒಟ್ಟುಗೂಡಿದಾಗ ಮಾತ್ರ ತಲೆಯೆತ್ತಿ, ಚದುರಿದಾಗ ಮರೆಯಾಗುತ್ತದೆ. ದೋಷ ಕಾಣದ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ಎಲ್ಲವೂ ಸರಿಯಾಗಿದೆ ಎಂಬ ಉತ್ತರವನ್ನೇ ಕೊಡುತ್ತದೆ.

ಇದರ ಸಾಮಾನ್ಯ ಕಾರಣಗಳು ಕೆಲವೇ. ಬ್ಯಾಟರಿ ಹಳೆಯದಾಗಿ ಬೆಳಗಿನ ಚಳಿಯಲ್ಲಿ ಅದರ ಶಕ್ತಿ ಕುಗ್ಗುವುದು ಒಂದು. ದೇಹದಿಂದ ಹಿಂದಿನ ಚಕ್ರಕ್ಕೆ ಹೋಗುವ ವೈರು ಸ್ಪ್ರಿಂಗಿನೊಡನೆ ಏರಿಳಿದು ಒಳಗಿನ ಎಳೆಗಳು ಒಂದೊಂದಾಗಿ ಕಡಿಯುವುದು ಇನ್ನೊಂದು. ಹೊರಗಿನ ಹೊದಿಕೆ ಹರಿಯದಿರುವುದರಿಂದ ಇದು ಕಣ್ಣಿಗೆ ಬೀಳದು. ಕನೆಕ್ಟರಿನೊಳಗೆ ನೀರು ಸೇರಿ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುವುದು ಮತ್ತೊಂದು. ಬಯಲುಸೀಮೆಯ ಧೂಳು ಗುಂಡಿಯ ಒಳಗೆ ಇಳಿಯುವುದು, ದೇಹಕ್ಕೆ ಬಿಗಿದ ಅರ್ತ್ ವೈರಿನ ಬುಡ ತುಕ್ಕುಹಿಡಿಯುವುದು, ನಿಂತ ಕಾರಿನೊಳಗೆ ಇಲಿ ಹೊಕ್ಕು ವೈರನ್ನು ಕಡಿಯುವುದು ಇವೂ ಈ ಪಟ್ಟಿಗೆ ಸೇರುತ್ತವೆ. ಕಾಲುಬ್ರೇಕಿನ ಸ್ವಿಚ್ಚು ಕೆಟ್ಟರೆ, ಪಾದ ಒತ್ತಿದ್ದರೂ ಒತ್ತಿಲ್ಲವೆಂದು ತಿಳಿದು ಯೂನಿಟ್ಟು ಬ್ರೇಕನ್ನು ಬಿಡುವುದಿಲ್ಲ. ಇಲ್ಲಿ ಪಾರ್ಕಿಂಗ್ ಬ್ರೇಕು ನಿರಪರಾಧಿ. ಮೋಟಾರಿನೊಳಗಿನ ಬ್ರಷ್ಷುಗಳು ಸವೆದಿರುವುದೂ, ಗೇರು ಮುರಿದಿರುವುದೂ ಉಂಟು. 2017ರ ಏಪ್ರಿಲಿನಲ್ಲಿ ಟೆಸ್ಲಾ ಸಂಸ್ಥೆ ಇಂಥ ಬ್ರೇಕಿನೊಳಗಿನ ಒಂದು ಸಣ್ಣ ಗೇರಿನ ತಯಾರಿಕೆಯಲ್ಲಿ ದೋಷವಿರಬಹುದೆಂದು ಸುಮಾರು 53,000 ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಗೇರು ಮುರಿದರೆ ಬಿಗಿದ ಬ್ರೇಕು ಬಿಡದೆ ಹೋಗುವ ಸಂಭವವಿತ್ತು.

ಹೊರಗೆ ಕಾಣದ ದೋಷವನ್ನು ಉಪೇಕ್ಷಿಸಿದರೆ ಏನಾದೀತು ಎಂಬುದಕ್ಕೆ ಗಣಿಗಳ ಚರಿತ್ರೆಯಲ್ಲಿ ಒಂದು ದಾರುಣ ನಿದರ್ಶನವಿದೆ. 1973ರ ಜುಲೈ 30ರಂದು ಇಂಗ್ಲೆಂಡಿನ ಮಾರ್ಕಮ್ ಕಲ್ಲಿದ್ದಲ ಗಣಿಯಲ್ಲಿ, ಎತ್ತುಯಂತ್ರದ ಬ್ರೇಕಿನ ಸ್ಪ್ರಿಂಗುಗಳ ನಡುವಿನ ಒಂದು ಉಕ್ಕಿನ ಸರಳು ಮುರಿಯಿತು. 29 ಜನರಿದ್ದ ಕೇಜು ತಳಕ್ಕೆ ಬಡಿದು 18 ಮಂದಿ ಮಡಿದರು. ಆ ಸರಳು ಒಂದೇ ದಿನದಲ್ಲಿ ಮುರಿದುದಲ್ಲ. ದಿನದಿನದ ಬಾಗುವಿಕೆಯಿಂದ ಬಿರುಕು ಮೆಲ್ಲಮೆಲ್ಲನೆ ಬೆಳೆದಿತ್ತು. ಆ ಬಿರುಕು ಯಾವ ದೀಪವನ್ನೂ ಹಚ್ಚಲಿಲ್ಲ. ಕಾರಿನ ಬ್ರೇಕಾದರೋ ದೀಪ ಹಚ್ಚಿ ಎಚ್ಚರಿಸುತ್ತದೆ. ಎಚ್ಚರಿಕೆ ದೊರೆತ ಮೇಲೂ ಅದನ್ನು ಅಲಕ್ಷಿಸುವವನಿಗೆ ತಿಳಿದಿರಲಿಲ್ಲವೆಂಬ ನೆಪವೂ ಉಳಿಯುವುದಿಲ್ಲ.

ಶೋಧನೆಯ ಕ್ರಮ

ಮೊದಲ ಹೆಜ್ಜೆ ದಾಖಲೆ. ದೀಪ ಹತ್ತಿದಾಗಲೆಲ್ಲ ದಿನ, ಹೊತ್ತು, ಮಳೆಯೋ ಬಿಸಿಲೋ, ನೆಲ ಸಮವೋ ಇಳಿಜಾರೋ, ಕಾರಿನಲ್ಲಿ ಎಷ್ಟು ಜನ, ಬ್ರೇಕು ಹಾಕುವಾಗಲೋ ತೆಗೆಯುವಾಗಲೋ ಎಂಬ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಈ ಕೆಲಸ ಕಾರಿನ ಒಡೆಯನದು. ಯಾವ ಕುಶಲ ಮೆಕ್ಯಾನಿಕ್ಕೂ ಅವನ ಪರವಾಗಿ ಇದನ್ನು ಮಾಡಲಾರ.

ಎರಡನೆಯ ಹೆಜ್ಜೆ ಸಂಕೇತಗಳ ಓದು. ಸ್ಕ್ಯಾನರನ್ನು ಜೋಡಿಸಿ, ಯೂನಿಟ್ಟಿನ ನೆನಪಿನಲ್ಲಿರುವ ಸಂಕೇತಗಳನ್ನು ಓದಿ ಬರೆದುಕೊಳ್ಳಬೇಕು. ದೋಷ ಬಂದ ಕ್ಷಣದ ವೋಲ್ಟೇಜು, ಓಡಿದ ಕಿಲೋಮೀಟರು ಮುಂತಾದ ವಿವರಗಳೂ ಅನೇಕ ಕಾರುಗಳಲ್ಲಿ ದೊರೆಯುತ್ತವೆ. ಬರೆದುಕೊಳ್ಳುವ ಮುನ್ನ ಅಳಿಸುವುದು ದೊಡ್ಡ ತಪ್ಪು. ದೀಪ ಆರಿದ್ದನ್ನು ಕಂಡು ಒಡೆಯ ಸಂತೋಷಪಟ್ಟರೂ, ಸಾಕ್ಷ್ಯವೆಲ್ಲ ಅಳಿದುಹೋಗಿರುತ್ತದೆ.

ಮೂರನೆಯ ಹೆಜ್ಜೆ ವಿಂಗಡಣೆ. ದೋಷ ಎರಡೂ ಚಕ್ರಗಳಲ್ಲಿ ಉಂಟೋ ಒಂದರಲ್ಲಿ ಮಾತ್ರವೋ ಎಂದು ಕೇಳಬೇಕು. ಎರಡರಲ್ಲಿಯೂ ಇದ್ದರೆ ಎರಡಕ್ಕೂ ಸಮಾನವಾದ ಬ್ಯಾಟರಿ, ಫ್ಯೂಸು, ಗುಂಡಿ, ಯೂನಿಟ್ಟುಗಳ ಕಡೆಗೆ ನೋಡಬೇಕು. ಒಂದರಲ್ಲಿ ಮಾತ್ರವಿದ್ದರೆ ಆ ಬದಿಯ ವೈರು, ಕನೆಕ್ಟರು, ಮೋಟಾರುಗಳನ್ನು ಶಂಕಿಸಬೇಕು. ಈ ಒಂದು ಪ್ರಶ್ನೆಯಿಂದಲೇ ಹುಡುಕಾಟದ ಕ್ಷೇತ್ರ ಅರ್ಧಕ್ಕಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ ಬ್ಯಾಟರಿಯ ಪರೀಕ್ಷೆ. ಕೆಲವು ಗಂಟೆಗಳ ವಿಶ್ರಾಂತಿಯ ಮೇಲೆ ಪೂರ್ಣ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟನ್ನು ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಅರ್ಧ ಬರಿದಾಗಿದೆಯೆಂದು ಅರ್ಥ. ಎಂಜಿನ್ನು ಓಡುವಾಗ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸಿನಲ್ಲಿರಬೇಕು. ಇದು ಅಗ್ಗದ ಪರೀಕ್ಷೆ. ಆದುದರಿಂದ ದುಬಾರಿ ಭಾಗಗಳ ಮಾತೆತ್ತುವ ಮೊದಲು ಇದನ್ನು ಮಾಡಬೇಕು.

ಐದನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದುದು: ಭಾರ ಹೊತ್ತಿರುವಾಗ ಅಳೆಯುವುದು. ಕಿಲುಬು ಕಟ್ಟಿದ ಪಿನ್ನಿನಲ್ಲಿ 0.2 ಓಮಿನಷ್ಟು ತಡೆ ಇದೆಯೆಂದು ಇಟ್ಟುಕೊಳ್ಳಬಹುದು. ಮೋಟಾರು ನಿಂತಿರುವಾಗ ಅಳೆದರೆ, ಮಲ್ಟಿಮೀಟರು ಸೆಳೆಯುವ ಪ್ರವಾಹ ನಗಣ್ಯವಾದುದರಿಂದ ವೋಲ್ಟೇಜಿನಲ್ಲಿ ನಷ್ಟವೇ ಕಾಣುವುದಿಲ್ಲ; ಪೂರ್ಣ 12.6 ವೋಲ್ಟು ತೋರುತ್ತದೆ, ಪರೀಕ್ಷಕ ಮೋಸಹೋಗುತ್ತಾನೆ. ಮೋಟಾರು ಬಿಗಿಯುತ್ತ 12 ಆಂಪಿಯರನ್ನು ಸೆಳೆಯುವಾಗ ಅದೇ ಪಿನ್ನಿನಲ್ಲಿ 12ನ್ನು 0.2ರಿಂದ ಗುಣಿಸಿದಷ್ಟು, ಎಂದರೆ 2.4 ವೋಲ್ಟು ನಷ್ಟವಾಗುತ್ತದೆ. ಮೋಟಾರಿಗೆ ಉಳಿಯುವುದು ಹತ್ತು ವೋಲ್ಟು ಮಾತ್ರ. ಒಣಗಿದ ನಾಲೆಯನ್ನು ನೋಡಿ ಅದರ ಬಿರುಕನ್ನು ಅರಿಯಲಾಗದು. ನೀರು ಹರಿಯುವಾಗಲೇ ಸೋರಿಕೆ ಗೊತ್ತಾಗುವುದು. ಆದುದರಿಂದ ಒಬ್ಬರು ಗುಂಡಿಯನ್ನು ಒತ್ತುತ್ತಿರುವಾಗ ಇನ್ನೊಬ್ಬರು ಕನೆಕ್ಟರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ವೋಲ್ಟೇಜನ್ನು ಅಳೆಯಬೇಕು. ಶುದ್ಧವಾದ ಸಂಧಿಯಲ್ಲಿ ನಷ್ಟ ಅತ್ಯಲ್ಪ. ಅರ್ತಿಗೆ ಮರಳುವ ದಾರಿಯನ್ನೂ ಇದೇ ರೀತಿ ಪರೀಕ್ಷಿಸಬೇಕು.

ಆರನೆಯ ಹೆಜ್ಜೆ ದೋಷವನ್ನು ಬರಿಸುವುದು. ದಾಖಲೆಯ ಪುಸ್ತಕ ಯಾವ ಸಂದರ್ಭವನ್ನು ಸೂಚಿಸುತ್ತದೆಯೋ ಆ ಸಂದರ್ಭವನ್ನು ಗ್ಯಾರೇಜಿನಲ್ಲಿ ನಿರ್ಮಿಸಬೇಕು. ಮಳೆಯಲ್ಲಿ ಬರುವುದಾದರೆ ಚಕ್ರದ ಒಳಭಾಗಕ್ಕೆ ನೀರು ಚಿಮುಕಿಸಬೇಕು. ಜನ ತುಂಬಿದಾಗ ಬರುವುದಾದರೆ ಹಿಂದಿನ ಸೀಟಿನಲ್ಲಿ ಭಾರವಿಡಬೇಕು. ಅಳತೆ ನಡೆಯುತ್ತಿರುವಾಗ ವೈರನ್ನು ಮೃದುವಾಗಿ ಅತ್ತಿತ್ತ ಆಡಿಸಬೇಕು. ಅಂಕಿ ಜಿಗಿದ ಜಾಗವೇ ದೋಷದ ಜಾಗ.

ಏಳನೆಯದು ರುಜುವಾತು. ದುರಸ್ತಿಯಾದ ಮೇಲೆ ಅದೇ ಸಂದರ್ಭವನ್ನು ಮತ್ತೆ ನಿರ್ಮಿಸಿ, ಅದೇ ಅಳತೆಯನ್ನು ಮತ್ತೆ ಮಾಡಿ, ಹಿಂದಿನ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನು ಬರೆಯಬೇಕು. ದೀಪ ಆರಿತೆಂಬುದು ರುಜುವಾತಲ್ಲ. ಬಂದುಹೋಗುವ ದೋಷದಲ್ಲಿ ದೀಪ ಮೊದಲೂ ಆರುತ್ತಿತ್ತು.

ಒಂದು ನಿದರ್ಶನ

ಈ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಬಂಗಾರಪೇಟೆಯ ಉಪಾಧ್ಯಾಯರೊಬ್ಬರ ಕಾರಿನಲ್ಲಿ ವಾರಕ್ಕೊಮ್ಮೆ ಎರಡು ಬಾರಿ ಪಾರ್ಕಿಂಗ್ ಬ್ರೇಕಿನ ದೀಪ ಹತ್ತುತ್ತಿತ್ತು. ಒಂದು ಕಡೆ ಬ್ಯಾಟರಿಯನ್ನು ಬದಲಾಯಿಸಿದರು. ಹತ್ತು ದಿನ ಸರಿಯಾಗಿದ್ದು ದೀಪ ಮತ್ತೆ ಹತ್ತಿತು. ಇನ್ನೊಂದು ಕಡೆ ಸ್ಕ್ಯಾನರು ಬಲಹಿಂಬದಿಯ ಮೋಟಾರಿನ ಸಂಕೇತವನ್ನು ತೋರಿಸಿದುದರಿಂದ ಕ್ಯಾಲಿಪರನ್ನು ಮೋಟಾರಿನ ಸಮೇತ ಬದಲಾಯಿಸಬೇಕೆಂದರು. ಉಪಾಧ್ಯಾಯರ ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಬೇಕಾಗಿತ್ತು.

ಮೂರನೆಯ ಕಡೆ ಹಿರಿಯ ಮೆಕ್ಯಾನಿಕ್ಕು ಕಾರನ್ನು ಮುಟ್ಟುವ ಮೊದಲು, "ಯಾವಾಗ ಬರ್ತದೆ ಸಾರ್, ಅದನ್ನ ಬರಕೊಂಡು ಬನ್ನಿ" ಎಂದರು. ಎರಡು ವಾರದ ದಾಖಲೆಯಲ್ಲಿ ದೀಪ ಹತ್ತಿದುದು ನಾಲ್ಕು ಬಾರಿ. ನಾಲ್ಕೂ ಬಾರಿ ಹಿಂದಿನ ರಾತ್ರಿ ಮಳೆಯಾಗಿತ್ತು. ನಾಲ್ಕೂ ಬಾರಿ ಮುಂಜಾನೆ. ನಾಲ್ಕೂ ಬಾರಿ ಬಲಬದಿ. ಬ್ಯಾಟರಿ ದುರ್ಬಲವಾಗಿದ್ದರೆ ಎಡಬದಿಗೂ ತೊಂದರೆ ಬರಬೇಕಾಗಿತ್ತು. ಮೋಟಾರು ಸವೆದಿದ್ದರೆ ಮಳೆಯನ್ನೇ ಕಾಯಬೇಕಾದ ಕಾರಣವಿರಲಿಲ್ಲ. ಬಲಚಕ್ರದ ಒಳಗೆ ನೀರು ಚಿಮುಕಿಸಿ, ಬ್ರೇಕು ಬಿಗಿಯುವಾಗ ಕನೆಕ್ಟರಿನಲ್ಲಿ ಅಳೆದಾಗ 2.4 ವೋಲ್ಟು ನಷ್ಟ ಕಂಡಿತು. ಎಡಬದಿಯಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು. ಬಿಚ್ಚಿ ನೋಡಿದರೆ ರಬ್ಬರಿನ ಸೀಲು ಮಡಚಿಕೊಂಡಿತ್ತು, ಒಂದು ಪಿನ್ನು ಹಸಿರುಗಟ್ಟಿತ್ತು. ಪಿನ್ನನ್ನೂ ಸೀಲನ್ನೂ ಬದಲಾಯಿಸಿದ್ದಾಯಿತು. ಕ್ಯಾಲಿಪರಿನ ಬೆಲೆಯ ಮುಂದೆ ಅದರ ವೆಚ್ಚ ಏನೇನೂ ಅಲ್ಲ.

ಇಲ್ಲಿ ಉಳಿದುದು ಹಣ ಮಾತ್ರವಲ್ಲ. ಹೊಸ ಕ್ಯಾಲಿಪರನ್ನು ಹಾಕುವಾಗ ಕನೆಕ್ಟರನ್ನು ಬಿಚ್ಚಿ ಕೂಡಿಸುವುದರಿಂದ ಕಿಲುಬು ಸ್ವಲ್ಪ ಉಜ್ಜಿಹೋಗಿ ಕೆಲವು ದಿನ ದೋಷ ಮರೆಯಾಗುತ್ತಿತ್ತು. ಭಾಗ ಬದಲಾದುದರಿಂದಲೇ ಗುಣವಾಯಿತೆಂದು ಒಡೆಯನೂ ನಂಬುತ್ತಿದ್ದನು, ಮೆಕ್ಯಾನಿಕ್ಕೂ ನಂಬುತ್ತಿದ್ದನು. ಮುಂದಿನ ಮಳೆಗಾಲದಲ್ಲಿ, ಬಹುಶಃ ಒಂದು ಇಳಿಜಾರಿನ ಮೇಲೆ, ನಿಜ ಹೊರಬೀಳುತ್ತಿತ್ತು. ಊಹೆಯಿಂದ ಮಾಡಿದ ದುರಸ್ತಿಯ ಕೇಡು ಇದು.

ಕೆಲವು ಎಚ್ಚರಿಕೆಗಳು

ಈ ಬ್ರೇಕನ್ನು ಪರೀಕ್ಷಿಸುವವರು ಮೊದಲು ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಮರದ ಅಡೆ ಕೊಡಬೇಕು. ಪಾರ್ಕಿಂಗ್ ಬ್ರೇಕನ್ನೇ ಶಂಕಿಸುತ್ತಿರುವಾಗ ಅದನ್ನೇ ನಂಬಿ ಕಾರಿನ ಕೆಳಗೆ ನುಸುಳುವುದು ಅವಿವೇಕ.

ಹಿಂದಿನ ಪ್ಯಾಡುಗಳನ್ನು ಬದಲಾಯಿಸುವ ಮುನ್ನ, ತಯಾರಕರ ಕೈಪಿಡಿಯಲ್ಲಿ ಹೇಳಿರುವಂತೆ ಬ್ರೇಕನ್ನು ದುರಸ್ತಿಯ ಸ್ಥಿತಿಗೆ ತರಬೇಕು. ಹಳೆಯ ಅಭ್ಯಾಸದಂತೆ ಪಿಸ್ಟನ್ನನ್ನು ಬಲವಂತವಾಗಿ ಹಿಂದಕ್ಕೆ ಒತ್ತಿದರೆ ತಿರುಪು ಹಾಳಾಗುತ್ತದೆ. ಕ್ಯಾಲಿಪರಿನೊಳಗೆ ಬೆರಳಿಟ್ಟಿರುವಾಗ ಯಾರಾದರೂ ಗುಂಡಿ ಒತ್ತಿದರೆ, ಅಥವಾ ಯೂನಿಟ್ಟು ತಾನಾಗಿ ಬಿಗಿದರೆ, ಕೈಗೆ ಅಪಾಯವಾದೀತು. ಎಳೆಯ ಕೆಲಸಗಾರರಿಗೆ ಈ ಮಾತನ್ನು ಮೊದಲ ದಿನವೇ ಹೇಳಿಕೊಡಬೇಕು.

ದೋಷ ಪತ್ತೆಯಾಗುವವರೆಗೆ ಕಾರನ್ನು ಬಳಸಲೇಬೇಕಾದರೆ ಇಳಿಜಾರಿನಲ್ಲಿ ನಿಲ್ಲಿಸದಿರುವುದು ಲೇಸು. ನಿಲ್ಲಿಸಬೇಕಾಗಿ ಬಂದರೆ ಕಾರನ್ನು ಗೇರಿನಲ್ಲಿಟ್ಟು, ಚಕ್ರಗಳನ್ನು ರಸ್ತೆಯಂಚಿನ ಕಡೆಗೆ ತಿರುಗಿಸಿ, ಒಂದು ಗಟ್ಟಿಯಾದ ಅಡೆಯನ್ನು ಕೊಡಬೇಕು. ಸದಾ ಡಿಕ್ಕಿಯಲ್ಲಿ ಎರಡು ಮರದ ಅಡೆಗಳನ್ನಿಟ್ಟುಕೊಳ್ಳುವುದು ಯಾವ ಚಾಲಕನಿಗೂ ಅವಮಾನವಲ್ಲ.

ಪಾಠಶಾಲೆಯಲ್ಲಿ ಈ ಪಾಠ

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಓಮನ ನಿಯಮವನ್ನು ಎಲ್ಲ ವಿದ್ಯಾರ್ಥಿಗಳೂ ಕಲಿಯುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅನಂತರ ಅನೇಕರು ಮರೆಯುತ್ತಾರೆ. ಮೇಲೆ ಹೇಳಿದ ಶೋಧನೆಯಲ್ಲಿ ಬಳಸಿದುದು ಅದೇ ನಿಯಮವನ್ನು, ಅದಕ್ಕಿಂತ ಹೆಚ್ಚಿನದೇನನ್ನೂ ಅಲ್ಲ. ಇದನ್ನು ತರಗತಿಯಲ್ಲಿಯೇ ತೋರಿಸಿಕೊಡಲು ದುಬಾರಿ ಉಪಕರಣಗಳು ಬೇಡ.

ಒಂದು 12 ವೋಲ್ಟಿನ ಬ್ಯಾಟರಿ, ಒಂದು ಫ್ಯೂಸು, ವಾಹನಗಳಲ್ಲಿ ಬಳಸುವ 21 ವ್ಯಾಟಿನ ಒಂದು ಬಲ್ಬು, ಒಂದು ಮಲ್ಟಿಮೀಟರು, ಕೂದಲಿನಂತೆ ತೆಳುವಾದ ಒಂದು ಮೀಟರು ಉದ್ದದ ತಾಮ್ರದ ತಂತಿ ಇಷ್ಟಿದ್ದರೆ ಸಾಕು. ಮೊದಲು ದಪ್ಪ ವೈರಿನಿಂದ ಬಲ್ಬನ್ನು ಹಚ್ಚಿ ಅದರ ಕಾಂತಿಯನ್ನು ಗಮನಿಸಬೇಕು. ಅನಂತರ ದಾರಿಯ ನಡುವೆ ತೆಳುತಂತಿಯನ್ನು ಸೇರಿಸಬೇಕು. ಬಲ್ಬನ್ನು ತೆಗೆದು ಅದರ ಹೋಲ್ಡರಿನಲ್ಲಿ ಅಳೆದರೆ ಬ್ಯಾಟರಿಯ ಪೂರ್ಣ ವೋಲ್ಟೇಜು ತೋರುತ್ತದೆ. ವೈರಿನಲ್ಲಿ ದೋಷವಿದೆಯೇ ಎಂದು ಆಗ ಮಕ್ಕಳನ್ನು ಕೇಳಬೇಕು. ಇಲ್ಲವೆಂದೇ ಬಹುಮಂದಿ ಉತ್ತರಿಸುವರು. ಮತ್ತೆ ಬಲ್ಬನ್ನು ಹಾಕಿ, ಅದು ಉರಿಯುತ್ತಿರುವಾಗ ತೆಳುತಂತಿಯ ಎರಡು ತುದಿಗಳ ನಡುವೆ ಅಳೆದರೆ ತಂತಿಯ ದಪ್ಪಕ್ಕೆ ಅನುಗುಣವಾಗಿ ಒಂದು ವೋಲ್ಟಿನಷ್ಟು ನಷ್ಟ ಕಾಣುವುದು, ಬಲ್ಬೂ ಮಂಕಾಗಿರುವುದು. ಕೆಲಸವಿಲ್ಲದಾಗ ಸರಿಯಾಗಿ ಕಂಡ ತಂತಿ ಕೆಲಸದ ಹೊತ್ತಿನಲ್ಲಿ ಸೋತಿತೆಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುವರು. ತೆಳುತಂತಿ ಬೆಚ್ಚಗಾಗುವುದರಿಂದ ಅದನ್ನು ಸುರುಳಿ ಸುತ್ತದೆ ಹರಡಿಡಬೇಕು, ಉಪಾಧ್ಯಾಯರು ಹತ್ತಿರವಿರಬೇಕು.

ಈ ಭಾಗದ ಅನೇಕ ವಿದ್ಯಾರ್ಥಿಗಳು ಶಾಲೆ ಮುಗಿಸಿ ಐ.ಟಿ.ಐ. ಸೇರುತ್ತಾರೆ, ಹಲವರು ಕಾರ್ಖಾನೆಗಳಿಗೂ ಗ್ಯಾರೇಜುಗಳಿಗೂ ಹೋಗುತ್ತಾರೆ, ದಿನಬೆಳಗಾದರೆ ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಅಸಂಖ್ಯ. ಗಣಿಗಳು ಮುಚ್ಚಿದ ಮೇಲೆ ಇಲ್ಲಿನ ಮನೆಗಳಿಗೆ ಆಸರೆಯಾದುದು ಕೈಯ ಕಸುಬು ಮತ್ತು ಕಲಿತ ವಿದ್ಯೆ. ಅಂಥ ವಿದ್ಯಾರ್ಥಿಗೆ ಸ್ಕ್ಯಾನರು ತೋರಿಸಿದ ಭಾಗವನ್ನು ಬದಲಾಯಿಸುವುದಷ್ಟೇ ಬಂದರೆ, ನಾಳೆ ಆ ಕೆಲಸವನ್ನು ಯಾರಾದರೂ ಮಾಡಿಯಾರು. ಏಕೆಂದು ಕೇಳಿ, ಅಳೆದು, ಬರೆದು, ರುಜುವಾತು ಮಾಡಬಲ್ಲವನ ಸ್ಥಾನವನ್ನು ಬೇರೊಬ್ಬರು ತೆಗೆದುಕೊಳ್ಳುವುದು ಸುಲಭವಲ್ಲ. ಶಾಲೆಗೆ ಉಪಕರಣಗಳನ್ನು ಒದಗಿಸುವ ದಾನಿಗಳು ಪ್ರಯೋಗಶಾಲೆಗೆ ಹತ್ತು ಮಲ್ಟಿಮೀಟರುಗಳನ್ನು ಕೊಟ್ಟರೂ ಅದು ದೊಡ್ಡ ಉಪಕಾರವೇ ಆಗುತ್ತದೆ.

ಉಪಸಂಹಾರ

ಇಷ್ಟರಿಂದ ಸಿದ್ಧವಾಗುವ ಸಂಗತಿಗಳು ಮೂರು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕು ಶಕ್ತಿ ತಪ್ಪಿದಾಗ ಇದ್ದಲ್ಲಿಯೇ ಉಳಿಯುವ ಜಾತಿಯದಾದುದರಿಂದ ಅದರ ಸಣ್ಣ ದೋಷವನ್ನೂ ಅಲಕ್ಷಿಸಬಾರದು. ಬಂದುಹೋಗುವ ದೋಷವನ್ನು ಅದು ಬರುವ ಹೊತ್ತಿನಲ್ಲಿ, ಅದು ಬರುವ ಸಂದರ್ಭದಲ್ಲಿ, ಭಾರ ಹೊತ್ತಿರುವಾಗಲೇ ಅಳೆಯಬೇಕು. ಕಾರಣ ಕೈಗೆ ಸಿಗುವವರೆಗೆ ಭಾಗವನ್ನು ಬದಲಾಯಿಸಬಾರದು.

ಶಾಫ್ಟಿನ ಮೇಲೆ ಎತ್ತುಯಂತ್ರದ ಮುಂದೆ ಕುಳಿತ ಚಾಲಕನ ಕಣ್ಣಿಗೆ ಕೆಳಗಿನ ಕೇಜು ಕಾಣುತ್ತಿರಲಿಲ್ಲ. ಗಂಟೆಯ ಸನ್ನೆಯನ್ನು ಕೇಳಿ, ಆಳದ ಮುಳ್ಳನ್ನು ನೋಡಿ, ಅವನು ಬ್ರೇಕನ್ನು ನಡೆಸಬೇಕಾಗಿತ್ತು. ಕಾಣದ ಆಳದಲ್ಲಿ ನಿಂತವರು ಅವನನ್ನು ನಂಬಿದ್ದರು. ಇಂದು ಕಾರಿನ ಕೆಳಗೆ ಮಲಗಿ ಒಂದು ಹಸಿರುಗಟ್ಟಿದ ಪಿನ್ನನ್ನು ಹುಡುಕುವ ಕೆಲಸಗಾರನನ್ನೂ ಅವನು ಎಂದೂ ಕಾಣದ ಜನರು ನಂಬಿದ್ದಾರೆ. ಆ ಕಾರು ಮುಂದೆ ಯಾವ ಇಳಿಜಾರಿನಲ್ಲಿ, ಯಾರ ಮನೆಯ ಮಕ್ಕಳು ಆಡುವ ಬೀದಿಯಲ್ಲಿ ನಿಲ್ಲುವುದೋ ಅವನಿಗೆ ತಿಳಿಯದು. ಆದುದರಿಂದ ಅವನ ಅಳತೆ ಸರಿಯಾಗಿರಬೇಕು.